ರಿವೈಂಡ್ ಒತ್ತಿದ್ರೆ ಅಪ್ಪನ ನಗು ಯಾಕೆ ಹಾರಿಹೋಗತ್ತೆ?

ಕಳೆದ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಸಂಕ್ರಾಂತಿ ಕಳೆದ ಮೇಲೆ ಅಮ್ಮ ತರೀಕೆರೆಯಿಂದ ಚಾಂದ್‌ಖೇಡಾಕ್ಕೆ ಬಂದ್ರು. ನಮ್ಮದು ಮೂರನೇ ಮಹಡಿ ಫ್ಲ್ಯಾಟು. ನಾನು ಬೆಳಿಗ್ಗೆ ಗಾಂಧಿನಗರದ ಆಫೀಸಿಗೆ ಹೊರಟ್ರೆ ಬರೋದು ರಾತ್ರಿ. ಅಮ್ಮನಿಗೆ ಗುಜರಾತಿ ಬರಲ್ಲ, ಹಿಂದಿ ಅಷ್ಟಕ್ಕಷ್ಟೆ. ಹಗಲಿಗೆ ಏನಾದ್ರೂ ಇರಲಿ ಅಂತ 1998ರ ಚಿಕ್ಕಪ್ಪನ ಮದುವೆ ಕ್ಯಾಸೆಟ್ಟನ್ನ ಅಂಗಡಿಯೊಂದರಲ್ಲಿ ಡಿಜಿಟಲ್ ಮಾಡಿಸಿ, ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಸಿಕ್ಕಿಸಿ ಕೊಟ್ಟೆ.

ಆ ಮದುವೆಯಲ್ಲಿ ಊಟದ ಉಸ್ತುವಾರಿ ನಮ್ಮಪ್ಪನದ್ದು. ಒಂದೂವರೆ ಗಂಟೆ ವಿಡಿಯೋದಲ್ಲಿ ಅವರು ಕಾಣೋದೇ ಕಡಿಮೆ, ಕಂಡ್ರೂ ಬೆನ್ನು. ಪಂಕ್ತಿಯಲ್ಲಿ ಸಾರು ಬಡಿಸ್ತಾ ಇರುವಾಗ ಯಾರೋ ಕರೀತಾರೆ, ಅಪ್ಪ ತಿರುಗಿ ನಗ್ತಾರೆ. ಮೂರೇ ಸೆಕೆಂಡು. ಅಪ್ಪ ತೀರಿಕೊಂಡಿದ್ದು 2004ರಲ್ಲಿ. ನಮ್ಮನೇಲಿ ಇರೋ ಅವರ ಫೋಟೋಗಳೆಲ್ಲ ಸ್ಟುಡಿಯೋದಲ್ಲಿ ಉಸಿರು ಬಿಗಿ ಹಿಡಿದು ತೆಗೆಸಿಕೊಂಡವು. ಅವರು ನಗೋದು ಇರೋದು ಅಲ್ಲಿ ಮಾತ್ರ.

ಅಮ್ಮ ಅದನ್ನೇ ಮತ್ತೆ ಮತ್ತೆ ನೋಡಬೇಕು ಅಂತ ರಿಮೋಟಲ್ಲಿ ರಿವೈಂಡ್ ಒತ್ತುತ್ತಾರೆ. ಬಾಳೆಲೆ ಸಾಲು ಕಾಣತ್ತೆ, ನಿಲ್ಲತ್ತೆ, ಆಮೇಲೆ ಧಾರೆಮಂಟಪಕ್ಕೇ ಹಾರತ್ತೆ. ಮುಂದಕ್ಕೆ ಒತ್ತಿದ್ರೆ ಅಡುಗೆಯವರ ಹಂಡೆ. ನಡುವಿನ ಅಪ್ಪ ಸಿಗಲ್ಲ. ‘ನಮ್ಮ ಹಳೇ ವಿಸಿಆರ್‌ನಲ್ಲಿ ಹಿಂದಕ್ಕೆ ಓಡಿಸಿದ್ರೆ ಅಡ್ಡ ಗೆರೆ ಬರ್ತಿತ್ತು, ಆದ್ರೆ ಮನುಷ್ಯ ಕಾಣ್ತಿದ್ದ. ಇದೆಂಥಾ ಹೊಸದೋ ನಿನ್ನದು?’ ಅಂದ್ರು. ಎಂಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದವನಿಗೆ ಇದಕ್ಕಿಂತ ಮಂಗಳಾರತಿ ಬೇಕಾ?

ಅಮ್ಮ ಹೇಳಿದ್ದು ತಾಂತ್ರಿಕವಾಗಿ ನೂರಕ್ಕೆ ನೂರು ಸರಿ. ವಿಸಿಆರ್ ಒಳಗೆ ಒಂದು ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗ್ತಾ ಟೇಪಿನ ಮೇಲೆ ಓರೆ ಓರೆಯಾಗಿ ಗೆರೆ ಓದತ್ತೆ. ಒಂದೊಂದು ಗೆರೆಯಲ್ಲೂ ಚಿತ್ರದ ಒಂದು ಫೀಲ್ಡ್, ಅಂದ್ರೆ ಅರ್ಧ ಫ್ರೇಮು. ಟೇಪನ್ನ ಹಿಂದಕ್ಕೆ ಎಳೆದಾಗ ಹೆಡ್ಡು ನಾಲ್ಕಾರು ಗೆರೆ ದಾಟುತ್ತೆ, ಒಂದೊಂದರಿಂದ ಒಂದೊಂದು ತುಣುಕು ಹೆಕ್ಕತ್ತೆ. ದಾಟೋ ಜಾಗದಲ್ಲೇ ಆ ಅಡ್ಡ ಗೆರೆ. ಆದರೆ ಯಾವ ಚಿತ್ರವೂ ಪಕ್ಕದ ಚಿತ್ರದ ಮೇಲೆ ಸಾಲ ಮಾಡಿಲ್ಲ. ಹಾಗಾಗಿ ಹಿಂದೆ ಹೋದ್ರೂ ಮುಂದೆ ಹೋದ್ರೂ ಮನುಷ್ಯ ಕಾಣ್ತಾನೆ.

ಡಿಜಿಟಲ್‌ನಲ್ಲಿ ಸಾಲ ಮಾಡದೆ ಬದುಕೋಕೆ ಆಗಲ್ಲ. ಲೆಕ್ಕ ಹಾಕಿ: 720 ಇಂಟು 576 ಪಿಕ್ಸೆಲ್, ಪಿಕ್ಸೆಲ್ಲಿಗೆ ಒಂದೂವರೆ ಬೈಟ್, ಒಂದು ಫ್ರೇಮಿಗೆ ಸುಮಾರು 622 ಕೆಬಿ. ಸೆಕೆಂಡಿಗೆ 25 ಫ್ರೇಮ್. ನಮ್ಮ 95 ನಿಮಿಷದ ಮದುವೆಗೆ 88 ಜಿಬಿ ಆಯ್ತು. ಅಂಗಡಿಯವರು ಕೊಟ್ಟ ಫೈಲು 1.1 ಜಿಬಿ. ಎಂಬತ್ತು ಪಟ್ಟು ಹಿಂಡಿದ್ದಾರೆ.

ಹಿಂಡೋದು ಎರಡು ಹಂತದಲ್ಲಿ. ಮೊದಲನೆಯದು ಒಂದೇ ಚಿತ್ರದ ಒಳಗೆ. ಚಿತ್ರವನ್ನ ಚಿಕ್ಕ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನ ಕೆಲವು ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಕಾಣದ ಸಣ್ಣ ಅಲೆಗಳನ್ನ ಕೈಬಿಡೋದು. ಈ ಗಣಿತದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಡಿಸಿಟಿ. ಇದನ್ನ ಮೊದಲು ಯೋಚಿಸಿದ ನಾಸಿರ್ ಅಹ್ಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ. 1961ರಲ್ಲಿ ಬಿಇ ಮುಗಿಸಿದ್ದು ನಮ್ಮ ಯುವಿಸಿಇಯಲ್ಲೇ. ಅಮೆರಿಕದಲ್ಲಿ ಪಾಠ ಮಾಡ್ತಾ 1972ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಈ ಕೆಲಸಕ್ಕೆ ದುಡ್ಡು ಕೇಳಿದ್ರು, ಸಿಗಲಿಲ್ಲ. ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪೇಪರ್ ಪ್ರಕಟಿಸಿದ್ರು. ಜೆಪೆಗ್, ಎಂಪೆಗ್ ಎಲ್ಲಾ ಆ ಅಡಿಪಾಯದ ಮೇಲೆ ಎದ್ದವು. ಎಚ್.264 ಕೂಡ ಅದರ ಪೂರ್ಣಾಂಕ ರೂಪವನ್ನೇ ಬಳಸತ್ತೆ. ಕೆ. ಆರ್. ಸರ್ಕಲ್ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡಾಗ ಒಮ್ಮೆ ಆ ಹಳೇ ಕಟ್ಟಡದ ಕಡೆ ನೋಡಿ.

ಹೀಗೆ ತನ್ನಷ್ಟಕ್ಕೆ ತಾನೇ ಪೂರ್ತಿಯಾಗಿರೋ ಚಿತ್ರಕ್ಕೆ ಐ-ಫ್ರೇಮ್ ಅಂತಾರೆ. ರೂಢಿಯಲ್ಲಿ ಕೀಫ್ರೇಮ್ ಅಂದ್ಕೊಳ್ಳಿ. ಎರಡನೇ ಹಂತದಲ್ಲಿ ಸಾಲ ಶುರು. ಪಿ-ಫ್ರೇಮ್ ‘ಹಿಂದಿನ ಚಿತ್ರದ ಈ ಚೌಕ ಎರಡು ಪಿಕ್ಸೆಲ್ ಬಲಕ್ಕೆ ಸರಿದಿದೆ, ಉಳಿದದ್ದು ಹಾಗೇ ಇದೆ’ ಅಂತಷ್ಟೇ ಬರ್ಕೊಳ್ಳತ್ತೆ. ಬಿ-ಫ್ರೇಮ್ ಹಿಂದಿನದು, ಮುಂದಿನದು ಎರಡರಿಂದಲೂ ಸಾಲ ಮಾಡತ್ತೆ. ಕಿರಾಣಿ ಅಂಗಡಿ ಉದ್ದರಿ ಪುಸ್ತಕದ ಥರ. ಬಾಕಿ ತೆಗೆದ ದಿನ ಐ-ಫ್ರೇಮ್, ಉಳಿದ ದಿನ ಬರೀ ‘ಅರ್ಧ ಕೆಜಿ ಸಕ್ಕರೆ’.

ಇಲ್ಲಿ ಟೀಮಿನ ಹುಡುಗನೊಬ್ಬ ಒಳ್ಳೇ ಪ್ರಶ್ನೆ ಕೇಳಿದ. ಉದ್ದರಿಯಲ್ಲಿ ಹಿಂದಕ್ಕೆ ಹೋಗಬೇಕಾದ್ರೆ ಕಳೀತಾ ಹೋದ್ರಾಯ್ತು, ವಿಡಿಯೋದಲ್ಲಿ ಯಾಕಾಗಲ್ಲ? ಗಿಟ್ ಬಳಸೋರಿಗೆ ಇದು ಸಲೀಸಾಗಿ ಅರ್ಥ ಆಗತ್ತೆ. ಗಿಟ್ ಡಿಫ್‌ನಲ್ಲಿ ಪ್ಲಸ್ ಸಾಲೂ ಇರತ್ತೆ, ಮೈನಸ್ ಸಾಲೂ ಇರತ್ತೆ. ಅದಕ್ಕೇ ರಿವರ್ಟ್ ಮಾಡಬಹುದು. ಪಿ-ಫ್ರೇಮ್ ಅಂದ್ರೆ ಮೈನಸ್ ಸಾಲುಗಳೇ ಇಲ್ಲದ ಡಿಫ್. ಅಪ್ಪ ತಿರುಗಿದಾಗ ಅವರ ಭುಜ ಹಿಂದಿನ ಗೋಡೆಯನ್ನ ಮುಚ್ಚಿತು ಅನ್ನಿ. ಮುಚ್ಚಿಹೋದ ಗೋಡೆ ಹೇಗಿತ್ತು ಅಂತ ಪಿ-ಫ್ರೇಮಲ್ಲಿ ಎಲ್ಲೂ ಬರೆದಿಲ್ಲ. ಹಿಂದಿನ ಚಿತ್ರ ಬೇಕಾದ್ರೆ ಅದಕ್ಕಿಂತ ಹಿಂದಿನ ಕೀಫ್ರೇಮಿಗೇ ಹೋಗಿ, ಅಲ್ಲಿಂದ ಮತ್ತೆ ಮುಂದಕ್ಕೇ ಕಟ್ಟಿಕೊಂಡು ಬರಬೇಕು. ರಿವೈಂಡ್‌ನ ಪೂರ್ತಿ ಕಷ್ಟ ಇರೋದು ಇಲ್ಲೇ.

ಸರಿ, ರಾತ್ರಿ ಎಫ್‌ಎಫ್‌ಪ್ರೋಬ್ ಹಾಕಿ ನೋಡಿದೆ. ಕೀಫ್ರೇಮ್ 42:09ಕ್ಕೆ ಒಂದು, ಆಮೇಲೆ 42:19ಕ್ಕೆ ಇನ್ನೊಂದು. ಎಕ್ಸ್264 ಎನ್‌ಕೋಡರ್‌ನ ಡಿಫಾಲ್ಟ್ ಗರಿಷ್ಠ ಅಂತರ 250 ಫ್ರೇಮ್, 25ರ ಲೆಕ್ಕದಲ್ಲಿ ಸರಿಯಾಗಿ ಹತ್ತು ಸೆಕೆಂಡು. ದೃಶ್ಯ ಬದಲಾದ್ರೆ ಅದೇ ಇನ್ನೊಂದು ಕೀಫ್ರೇಮ್ ಹಾಕ್ಕೊಳ್ಳತ್ತೆ, ಆದ್ರೆ ಮದುವೆ ವಿಡಿಯೋದವನು ಪಂಕ್ತಿ ಪೂರ್ತಿ ಒಂದೇ ಉಸಿರಿಗೆ ಕ್ಯಾಮೆರಾ ಎಳೆದಿದ್ದ. ಅಪ್ಪ ನಗೋದು 42:14ರಿಂದ 42:17. ಎರಡು ಕೀಫ್ರೇಮಿನ ನಡುವಿನ ಹೊಂಡದಲ್ಲಿ. ನಮ್ಮ ಟಿವಿ ರಿವೈಂಡ್‌ನಲ್ಲಿ ಕೀಫ್ರೇಮಿಂದ ಕೀಫ್ರೇಮಿಗೆ ಹಾರೋದು ಬಿಟ್ಟು ಬೇರೇನೂ ಮಾಡಲ್ಲ. ನಾಲ್ಕು ಪಟ್ಟು ವೇಗದಲ್ಲಿ ಎರಡೂವರೆ ಸೆಕೆಂಡಿಗೆ ಒಂದು ಚಿತ್ರ ಸಿಗತ್ತೆ, ಅದರಲ್ಲಿ ಅಪ್ಪ ಇಲ್ಲ.

ಬೇರೆಯವರು ಇದನ್ನ ಹೇಗೆ ಬಗೆಹರಿಸಿದ್ದಾರೆ ನೋಡೋಣ. ಡಿವಿಡಿ ಮಾಡಿದವರು ಬುದ್ಧಿವಂತರು. ನಮ್ಮ ಪಾಲ್ ಪದ್ಧತಿಯಲ್ಲಿ ಕೀಫ್ರೇಮ್ ಗುಂಪು 15 ಫ್ರೇಮ್ ಮೀರುವಂತಿಲ್ಲ ಅಂತ ನಿಯಮವನ್ನೇ ಮಾಡಿಟ್ರು, ಜೊತೆಗೆ ಮುಂದಿನ ಹಿಂದಿನ ನೆಗೆತದ ವಿಳಾಸಗಳನ್ನ ಡಿಸ್ಕಿನೊಳಗೇ ಬರೆದ್ರು. ಒಟಿಟಿಯಲ್ಲಿ ಎಚ್‌ಎಲ್‌ಎಸ್ ಪದ್ಧತಿ ಇದ್ರೆ ಬರೀ ಐ-ಫ್ರೇಮ್‌ಗಳ ಪ್ರತ್ಯೇಕ ಪಟ್ಟಿ ಕೊಡೋ ಸೌಲಭ್ಯ ಇದೆ. ಬೆರಳಲ್ಲಿ ಎಳೆದಾಗ ಕಾಣೋ ಪುಟ್ಟ ಚಿತ್ರಗಳು ಬಹಳಷ್ಟು ಸಲ ವಿಡಿಯೋನೇ ಅಲ್ಲ, ಮೊದಲೇ ತೆಗೆದಿಟ್ಟ ಥಂಬ್‌ನೇಲ್‌ಗಳ ಹಾಳೆ.

ಇನ್ನು ನಮ್ಮನೆಗೆ ಹತ್ತಿರದ ಉದಾಹರಣೆ ಮೊಟೇರಾ ಸ್ಟೇಡಿಯಂ. ರನ್‌ಔಟ್ ನೋಡುವಾಗ ಥರ್ಡ್ ಅಂಪೈರ್ ಒಂದು ಫ್ರೇಮ್ ಹಿಂದೆ, ಒಂದು ಮುಂದೆ ಅಂತಾರಲ್ಲ, ಆ ರೀಪ್ಲೇ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಲ್ಲಾ ಫ್ರೇಮೂ ಐ-ಫ್ರೇಮೇ. ಜಾಗ ಎಷ್ಟು ತಿಂದ್ರೂ ಪರವಾಗಿಲ್ಲ, ಚಕ್ರ ತಿರುಗಿಸಿದ ಕೂಡಲೇ ಚಿತ್ರ ಬರಬೇಕು.

ನನ್ನ ಮುಂದೆ ಎರಡು ದಾರಿ ಇತ್ತು. ಒಂದು, ಪ್ಲೇಯರ್ ಇಡೀ ಗುಂಪನ್ನ ಮುಂದಕ್ಕೆ ಡಿಕೋಡ್ ಮಾಡಿ, ಮೆಮೊರಿಯಲ್ಲಿಟ್ಟು, ತಿರುಗಿಸಿ ತೋರಿಸೋದು. ಎಂಪಿವಿ ಪ್ಲೇಯರ್ ಹೀಗೇ ಮಾಡತ್ತೆ. ನಮ್ಮ 250 ಫ್ರೇಮಿಗೆ 155 ಎಂಬಿ ಸಾಕು, ಫುಲ್ ಎಚ್‌ಡಿ ಆಗಿದ್ರೆ 777 ಎಂಬಿ ಬೇಕಾಗ್ತಿತ್ತು. ಲ್ಯಾಪ್‌ಟಾಪಲ್ಲಿ ಬೆಣ್ಣೆ ಹಾಗೆ ಹಿಂದಕ್ಕೆ ಓಡ್ತು. ಆದ್ರೆ ಅಮ್ಮನ ಕೈಲಿರೋದು ಟಿವಿ ರಿಮೋಟು, ಟಿವಿಗೆ ಆ ತಾಳ್ಮೆ ಇಲ್ಲ.

ಎರಡನೇ ದಾರಿ ಫೈಲನ್ನೇ ಮತ್ತೆ ಎನ್‌ಕೋಡ್ ಮಾಡೋದು. ಎಫ್‌ಎಫ್‌ಎಂಪೆಗ್‌ನಲ್ಲಿ ಗುಂಪಿನ ಉದ್ದ 5 ಫ್ರೇಮ್, ಬಿ-ಫ್ರೇಮ್ ಸೊನ್ನೆ. ಈಗ ಸೆಕೆಂಡಿಗೆ ಐದು ಕೀಫ್ರೇಮ್. ನಾಲ್ಕು ಪಟ್ಟು ವೇಗದಲ್ಲಿ ಹಿಂದಕ್ಕೆ ಹೋದ್ರೆ ಲೆಕ್ಕದಲ್ಲಿ ಸೆಕೆಂಡಿಗೆ 20 ಚಿತ್ರ. ನಮ್ಮ ಟಿವಿ ಅಷ್ಟೂ ತೋರಿಸಲ್ಲ, ಎಂಟ್ಹತ್ತು ತೋರಿಸತ್ತೆ, ಸಾಕು. ಫೈಲು ನಾಲ್ಕೈದು ಪಟ್ಟು ಊದತ್ತೆ ಅಂದ್ಕೊಂಡಿದ್ದೆ, 1.9 ಜಿಬಿಗೇ ನಿಲ್ತು. ಕಾರಣ ಆಮೇಲೆ ಹೊಳೀತು. ಹಳೇ ಕ್ಯಾಸೆಟ್ಟಿನ ತುಂಬ ಗುಜುಗುಜು, ಒಂದು ಫ್ರೇಮಿನ ಗುಜುಗುಜು ಇನ್ನೊಂದರಲ್ಲಿ ಇರಲ್ಲ. ಹಾಗಾಗಿ ಪಿ-ಫ್ರೇಮ್‌ಗೆ ಸಾಲ ಹುಟ್ಟೋದೇ ಕಷ್ಟ, ಅವು ಮೊದಲೇ ದಪ್ಪಗಿದ್ದವು.

ಒಂದು ನಷ್ಟ ಒಪ್ಕೋಬೇಕು. ಹಿಂಡಿದ್ದನ್ನೇ ಮತ್ತೆ ಹಿಂಡಿದ್ದರಿಂದ ಅಪ್ಪನ ಮುಖ ಒಂದು ಎಳೆ ಮಸುಕಾಯ್ತು. ಅಂಗಡಿಯಲ್ಲಿ ಕೊಡುವಾಗಲೇ ಕೀಫ್ರೇಮ್ ಅಂತರ ಕಡಿಮೆ ಇಡಿ ಅಂತ ಹೇಳಿದ್ರೆ ಇದು ತಪ್ತಿತ್ತು. ಕೇಳಬೇಕು ಅಂತ ನನಗೇ ಹೊಳೀಲಿಲ್ಲ.

ಭಾನುವಾರ ಅಮ್ಮ ರಿವೈಂಡ್ ಒತ್ತಿದ್ರು. ಅಪ್ಪನ ನಗು ಮುಚ್ಚಿಕೊಳ್ತು, ಮುಖ ಆ ಕಡೆ ತಿರುಗ್ತು, ಎಲೆ ಮೇಲಿನ ಸಾರು ಸೌಟಿಗೆ ವಾಪಸ್ ಹತ್ತಿತು. ಪಕ್ಕದ ಮನೆ ಬೆನ್ ಕೂಡ ಚಾ ಹಿಡ್ಕೊಂಡು ನೋಡ್ತಿದ್ರು, ಸಾರು ಮೇಲಕ್ಕೆ ಹೋಗಿದ್ದಕ್ಕೆ ಜೋರಾಗಿ ನಕ್ಕರು. ಅಮ್ಮ ನಗಲಿಲ್ಲ, ‘ಇನ್ನೊಂದ್ಸಲ’ ಅಂದ್ರು, ತಾವೇ ಒತ್ಕೊಂಡ್ರು.

ಕ್ಯಾಸೆಟ್ಟು ಈಗ ತರೀಕೆರೆ ಮನೆ ಅಟ್ಟದಲ್ಲಿದೆ. ಫಂಗಸ್ ಹಿಡಿಯೋ ಮುಂಚೆ, ದಸರಾಕ್ಕೆ ಹೋದಾಗ, ಅದನ್ನ ನಾನೇ ಮತ್ತೆ ಕ್ಯಾಪ್ಚರ್ ಮಾಡಬೇಕು ಅಂತಿದೀನಿ, ಈ ಸಲ ಎಲ್ಲಾ ಐ-ಫ್ರೇಮ್. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಕೆಲಸ ಮಾಡೋ ವಿಸಿಆರ್ ಯಾರ ಹತ್ರ ಆದ್ರೂ ಇದ್ರೆ ಹೇಳಿ.