ಬೀಳುವವರನ್ನು ಇಳಿಸುವ ವಿದ್ಯೆ

ಎತ್ತರದ ಯುವಕ ಎರಡು ಹೆಜ್ಜೆ ನಡೆದವನೇ ಮೊಣಕಾಲು ಸಡಿಲಿಸಿ ಕುಸಿದ. ಹಿಂದಿದ್ದ ಹುಡುಗಿ ಅವನಿಗಿಂತ ಒಂದು ಗೇಣು ಗಿಡ್ಡ. ಅವಳು ಅವನನ್ನು ಎತ್ತಿ ಹಿಡಿಯಲು ಹೋಗಲಿಲ್ಲ. ಕಾಲು ಅಗಲಿಸಿ ನಿಂತು, ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಹಿಡಿದು ಅವನನ್ನು ತನ್ನತ್ತ ಸೆಳೆದುಕೊಂಡಳು. ಮುಂದಿಟ್ಟ ತೊಡೆಯ ಮೇಲೆ ಜಾರಿಸುತ್ತ ನೆಲಕ್ಕೆ ಕೂರಿಸಿದಳು. ಬೀಳುವ ದೇಹವನ್ನು ತಡೆದರೆ ಇಬ್ಬರಿಗೂ ಪೆಟ್ಟು; ತಲೆ ಕಾಯ್ದು ಇಳಿಸಬೇಕು. ಅಧ್ಯಾಪಕಿ ‘ಇನ್ನೊಮ್ಮೆ’ ಎಂದರು, ಯುವಕ ಮತ್ತೆ ಕುಸಿದ.

ಡಲ್ಲಾಸ್ ಆಸುಪಾಸಿನ ಕಮ್ಯುನಿಟಿ ಕಾಲೇಜೊಂದರ ಪ್ರಯೋಗಶಾಲೆಯಿದು. ಇಲ್ಲಿ ಕಲಿಯುವವರು ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ ಆಗುವವರು. ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯ ಯೋಜನೆ ಹಾಕುವುದು ಥೆರಪಿಸ್ಟ್. ಅವರ ಮೇಲ್ವಿಚಾರಣೆಯಲ್ಲಿ ಅದನ್ನು ಕೈಯಾರೆ ಮಾಡಿಸುವವರು ಇವರು. ಸುಮಾರು ಎರಡು ವರ್ಷದ ಓದು, ಆಮೇಲೆ ಲೈಸೆನ್ಸ್ ಪರೀಕ್ಷೆ. ಮೊದಲ ಮಹಾಯುದ್ಧದ ಗಾಯಾಳುಗಳನ್ನು ನಡೆಸಿದ ಮಹಿಳೆಯರಿಂದ ಅಮೆರಿಕದಲ್ಲಿ ಫಿಸಿಕಲ್ ಥೆರಪಿ, ಅಂದರೆ ನಮ್ಮ ಫಿಸಿಯೋಥೆರಪಿ, ವೃತ್ತಿಯಾಗಿ ಬೆಳೆಯಿತು. ಅವರಲ್ಲೊಬ್ಬರಾದ ಮೇರಿ ಮೆಕ್‌ಮಿಲನ್ 1921ರಲ್ಲಿ ಹುಟ್ಟಿದ ವೃತ್ತಿಸಂಘದ ಮೊದಲ ಅಧ್ಯಕ್ಷೆ. ಪೋಲಿಯೊ ಬಂತು, 1965ರಲ್ಲಿ ವೃದ್ಧರ ಸರ್ಕಾರಿ ಆರೋಗ್ಯವಿಮೆ ಮೆಡಿಕೇರ್ ಬಂತು, ಕೈಗಳು ಸಾಲದಾದವು. ಸಹಾಯಕರ ಕೋರ್ಸ್ 1967ರಲ್ಲಿ ಶುರುವಾಗಿ, 1969ರಲ್ಲಿ ಮೊದಲ 15 ಮಂದಿ ಹೊರಬಂದರು.

ನನ್ನ ಕಣ್ಣು ಮಾತ್ರ ಆ ಪಟ್ಟಿಯ ಮೇಲೆಯೇ. ಅದನ್ನು ಗೇಟ್ ಬೆಲ್ಟ್, ಅಂದರೆ ನಡಿಗೆಯ ಪಟ್ಟಿ, ಎನ್ನುತ್ತಾರೆ. ಸುಮಾರು ಎರಡು ಅಂಗುಲ ಅಗಲದ ದಪ್ಪ ಬಟ್ಟೆ, ತುದಿಗೆ ಹಲ್ಲುಳ್ಳ ಲೋಹದ ಬಕಲ್, ಅಷ್ಟೇ. ಬರಿಮೈಗೆ ಕಟ್ಟುವಂತಿಲ್ಲ, ಬಟ್ಟೆಯ ಮೇಲೆಯೇ ಕಟ್ಟಬೇಕು. ಬಕಲ್ ಬೆನ್ನುಮೂಳೆಯ ಮೇಲೆ ಬರಬಾರದು. ಒಳಗೆ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಕೂತಾಗ ಬಿಗಿಯಾಗಿದ್ದದ್ದು ನಿಂತೊಡನೆ ಸಡಿಲವಾಗುತ್ತದೆ, ಹಾಗಾಗಿ ಎದ್ದ ಮೇಲೆ ಮತ್ತೊಮ್ಮೆ ಬಿಗಿಸಬೇಕು. ಹಿಡಿಯುವುದು ಅಂಗೈ ಮೇಲಾಗಿ, ಕೆಳಗಿನಿಂದ: ಭಾರ ಕುಸಿದರೆ ಪಟ್ಟಿ ಅಂಗೈಗೇ ಬಂದು ಕೂರುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಆಹಾರದ ನಳಿಕೆ ಇದ್ದರೆ ಪಟ್ಟಿ ಸೊಂಟಕ್ಕೆ ಸಲ್ಲ. ಎದೆಯ ಮಟ್ಟಕ್ಕೆ ಏರಿಸಬೇಕು, ಇಲ್ಲವೇ ಬೇರೆ ದಾರಿ ನೋಡಬೇಕು. ನಾನೂ ಒಮ್ಮೆ ಕಟ್ಟಿಸಿಕೊಂಡೆ. ಹಿಂದೊಂದು ಕೈ ಇದೆ ಎಂಬ ಅರಿವಿಗೇ ಬೆನ್ನು ನೆಟ್ಟಗಾಯಿತು. ಇಷ್ಟು ಅಗ್ಗದ, ಇಷ್ಟು ಗೌರವದ ಸಾಧನ ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಪಟ್ಟಿ ಕಟ್ಟುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ವೀಲ್‌ಚೇರ್ ರೋಗಿಯ ಬಲವಿರುವ ಪಕ್ಕದಲ್ಲಿ, ಎರಡೂ ಬ್ರೇಕ್ ಬಿದ್ದಿರಬೇಕು, ಕಾಲೂರುವ ತಟ್ಟೆ ಸರಿದಿರಬೇಕು. ಬಹುಕಾಲ ಮಲಗಿದ್ದವರು ಎದ್ದರೆ ರಕ್ತದೊತ್ತಡ ಇಳಿಯಬಹುದು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ನಡಿಗೆ ಅಲ್ಲಿಗೇ ನಿಲ್ಲುತ್ತದೆ, ಥೆರಪಿಸ್ಟ್‌ಗೆ ಸುದ್ದಿ ಹೋಗುತ್ತದೆ. ಲಕ್ವ ಹೊಡೆದ ಕೈಯನ್ನು ಎಳೆಯುವುದು ಇಲ್ಲಿ ಪಾತಕಕ್ಕೆ ಸಮ. ಸ್ನಾಯು ಸೋತ ಭುಜದ ಕೀಲು ಮೊದಲೇ ಸಡಿಲ; ಎಳೆದರೆ ಜಾರುತ್ತದೆ, ತಿಂಗಳುಗಟ್ಟಲೆ ನೋಯುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದೇ ಈ ಎಳೆತ. ಇಬ್ಬರು ಕಂಕುಳಿಗೆ ಕೈಕೊಟ್ಟು ‘ಏಳಿ ಏಳಿ’ ಎನ್ನುತ್ತ ಅಜ್ಜನನ್ನು ಎತ್ತುತ್ತಾರೆ. ಪ್ರೀತಿಗೇನೂ ಕೊರತೆಯಿಲ್ಲ, ಆದರೆ ಯಾರೂ ಅವರಿಗೆ ಕಲಿಸಿಲ್ಲ. ಸೊಸೆಯ ಸೊಂಟ ಹಿಡಿಯುತ್ತದೆ, ಅಜ್ಜನ ಭುಜ ಜಾರುತ್ತದೆ. ನಮ್ಮಲ್ಲಿ 2021ರ ಕಾಯಿದೆ ಫಿಸಿಯೋಥೆರಪಿಯೂ ಸೇರಿದಂತೆ ಹಲವು ವೃತ್ತಿಗಳಿಗೆ ಆಯೋಗವೊಂದನ್ನು ಕೊಟ್ಟಿತು. ಒಳ್ಳೆಯದೇ. ಆದರೂ ಬೇಗ ಫಲ ಕೊಡುವುದು ಕಾಯಿದೆಯಲ್ಲ, ಡಿಸ್ಚಾರ್ಜ್ ದಿನದ ಅರ್ಧ ಗಂಟೆ. ಔಷಧದ ಪಟ್ಟಿ, ಬಿಲ್ಲು ಕೈಗಿಡುವ ಹೊತ್ತಿನಲ್ಲೇ ಫಿಸಿಯೋಥೆರಪಿಸ್ಟ್ ಮನೆಯವರನ್ನು ಹಾಸಿಗೆಯ ಪಕ್ಕ ನಿಲ್ಲಿಸಲಿ. ರೋಗಿ ಅಂಚಿಗೆ ಸರಿದು, ಪಾದ ಹಿಂದಕ್ಕೆಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿ ಏಳಬೇಕು. ಹೀಗೆದ್ದರೆ ಎತ್ತುವವರಿಗೆ ಭಾರ ಬಹಳ ಕಮ್ಮಿ. ತೋರಿಸಿದರೆ ಸಾಲದು, ಆ ಸೊಸೆಯ ಕೈಯಲ್ಲೇ ಮಾಡಿಸಬೇಕು. ಅವಳು ಒಮ್ಮೆ ಸರಿಯಾಗಿ ಎಬ್ಬಿಸಿ ಕೂರಿಸುವ ತನಕ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಬೀಳಬಾರದು.