ಹಳೆಯ ಕಾರೂ ಕೊಳವೆಬಾವಿಯ ನೀರೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಯಾವ ಮನೆಯ ಬಚ್ಚಲಿನ ಹಂಡೆಯನ್ನಾದರೂ ಇಣುಕಿ ನೋಡಿದವನಿಗೆ, ಈ ಸೀಮೆಯ ಹಳೆಯ ಕಾರುಗಳ ಮುಖ್ಯ ವ್ಯಾಧಿಯನ್ನು ವಿವರಿಸುವುದು ಕಷ್ಟವಲ್ಲ. ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕಾಯಿಸಿದ ಹಂಡೆಯ ಒಳಮೈಗೆ ಸುಣ್ಣ ಬಳಿದಂತೆ ಕಚ್ಚಿಕೊಳ್ಳುವ ಬಿಳಿಯ ಹಕ್ಕಳೆಯೇ, ಅದೇ ನೀರನ್ನು ಕುಡಿದ ಕಾರಿನ ರೇಡಿಯೇಟರಿನ ಸಪೂರವಾದ ನಳಿಕೆಗಳಲ್ಲಿಯೂ ಕೂರುತ್ತದೆ. ಹಂಡೆಯಲ್ಲಾದರೆ ಎರಡು ಸೌದೆ ಹೆಚ್ಚು ಉರಿಯುತ್ತದೆ, ಅಷ್ಟೆ. ಕಾರಿನಲ್ಲಾದರೆ ನೀರು ಆರುವ ದಾರಿಯೇ ಮುಚ್ಚಿಹೋಗುತ್ತದೆ. ಪಾವಗಡದ ಅಂತರ್ಜಲದ ಫ್ಲೋರೈಡು ಮನುಷ್ಯರ ಹಲ್ಲು ಮೂಳೆಗಳಿಗೆ ಮಾಡುವ ಹಾನಿಯನ್ನು ಎಲ್ಲರೂ ಬಲ್ಲರು. ಯಂತ್ರಕ್ಕೆ ಶತ್ರುವಾದದ್ದು ಅದಲ್ಲ, ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು.

ಹಿಂದಿನವರು ಬೋರ್ ನೀರನ್ನೇ ಹಾಕಿ ಓಡಿಸಲಿಲ್ಲವೇ ಎಂದು ಕೇಳುವವರುಂಟು. ಓಡಿಸಿದ್ದು ನಿಜ. ಆದರೆ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾದ ಅಂಬಾಸಿಡರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿಗೆ ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣದವು. ಅದು ಕುದಿದು ಬುಸುಗುಟ್ಟಿದರೂ, ಹುಣಿಸೆಮರದ ನೆರಳಿನಲ್ಲಿ ಅರ್ಧ ತಾಸು ನಿಂತು, ಒಂದು ಕೊಡ ನೀರು ಕುಡಿದು, ಮತ್ತೆ ಹೊರಡುತ್ತಿತ್ತು. 1994ರಲ್ಲಿ ಬಂದ ಎಸ್ಟೀಮ್, 1998ರ ಹೋಂಡಾ ಸಿಟಿ, 1999ರ ಆಕ್ಸೆಂಟ್ ಮೊದಲಾದವುಗಳ ಹೆಡ್ಡು ಅಲ್ಯೂಮಿನಿಯಮ್ಮಿನದು: ಹಗುರ, ಆದರೆ ಅತಿತಾಪಕ್ಕೆ ಸೊಟ್ಟಗಾಗುವ ಸ್ವಭಾವದ್ದು. ಅಂಬಾಸಿಡರಿನ ಕಾಲದ ಧೈರ್ಯವನ್ನು ಈ ಕಾರುಗಳ ಮೇಲೆ ಪ್ರಯೋಗಿಸಿದವರ ಜೇಬು ಬರಿದಾಗುವ ಕ್ರಮವನ್ನು ಇಲ್ಲಿ ತುಸು ನಿಧಾನವಾಗಿಯೇ ನೋಡಬೇಕು.

ಮೊದಲು, ಕೆಲವು ನೂರು ರೂಪಾಯಿಗಳ ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನೊಡನೆ ಬೆರೆಸಿ ಹಾಕುವ ಖರ್ಚು ಉಳಿಯುತ್ತದೆ. ಎರಡನೆಯ ಬೇಸಗೆಗೆ ಮಾಪಕದ ಮುಳ್ಳು ಮೇಲೇರುತ್ತದೆ. ಆಗ ಕೆಲವು ಮೆಕ್ಯಾನಿಕ್ಕರು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವರು. ಎಂಜಿನ್ ಬಿಸಿಯಾಗುವವರೆಗೆ ಮುಚ್ಚಿದ್ದು ಅನಂತರ ತೆರೆದುಕೊಳ್ಳುವ ಆ ಪುಟ್ಟ ಬಾಗಿಲನ್ನು ತೆಗೆದರೆ ರೋಗ ವಾಸಿಯಾಗದು, ಕೆಲದಿನ ಮರೆಯಾಗುವುದು, ಜೊತೆಗೆ ಪೆಟ್ರೋಲ್ ಖರ್ಚು ಹೆಚ್ಚುವುದು. ಬಳಿಕ ವಾಟರ್ ಪಂಪ್ ಸೋರುತ್ತದೆ, ರೇಡಿಯೇಟರ್ ಕಟ್ಟುತ್ತದೆ; ಹೊಸದಕ್ಕೆ ಸುಮಾರು 3,000ದಿಂದ 6,000 ರೂಪಾಯಿ. ಕೊನೆಗೊಂದು ಶನಿವಾರ, ಶನಿಮಹಾತ್ಮನ ದರ್ಶನಕ್ಕೆಂದು ಐವರನ್ನು ತುಂಬಿಕೊಂಡು, ಏ.ಸಿ. ಹಾಕಿಕೊಂಡು ಚೈತ್ರದ ಬಿಸಿಲಿನಲ್ಲಿ ಮಧುಗಿರಿಯಿಂದ ಪಾವಗಡಕ್ಕೆ ಹೊರಟಾಗ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಗ್ಯಾಸ್ಕೆಟ್ಟಿನ ಬೆಲೆ ಅಲ್ಪ. ಹೆಡ್ಡನ್ನು ಇಳಿಸಿ, ಲೇತಿನವರಲ್ಲಿ ಫೇಸಿಂಗ್ ಮಾಡಿಸಿ, ಎಣ್ಣೆ ಬದಲಿಸಿ, ಕೂಲಿ ಕೊಟ್ಟು, ಟೋಯಿಂಗಿನ ಬಾಡಿಗೆಯನ್ನೂ ಸೇರಿಸುವ ಹೊತ್ತಿಗೆ ಲೆಕ್ಕ 15,000ದ ಆಸುಪಾಸಿಗೆ ಏರುವುದು ಅಪರೂಪವಲ್ಲ. ಒಂದು ಲಕ್ಷಕ್ಕೆ ಕೊಂಡ ಕಾರಿಗೆ ಇದು ಸಣ್ಣ ಮೊತ್ತವೇ?

ಆದುದರಿಂದ ಕೊಳ್ಳತಕ್ಕವನು ಬಣ್ಣದ ಹೊಳಪನ್ನೂ ಸೀಟಿನ ಹೊಸ ಕವರನ್ನೂ ನೋಡುವ ಮೊದಲು, ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ರೇಡಿಯೇಟರಿನ ಮುಚ್ಚಳವನ್ನು ತೆಗೆಯಿಸಬೇಕು. (ಬಿಸಿಯಿರುವಾಗ ತೆಗೆದರೆ ಒತ್ತಡದಲ್ಲಿದ್ದ ನೀರು ಮುಖಕ್ಕೆ ಹಾರೀತು.) ಒಳಗಿನ ದ್ರವ ಹಸಿರೋ ಕೆಂಪೋ ತಿಳಿಯಾಗಿದ್ದರೆ ಶುಭ, ಮಣ್ಣಿನ ಬಣ್ಣದ ರಾಡಿಯಾಗಿದ್ದರೆ, ಬಾಯಿಯಂಚಿನಲ್ಲಿ ಬಿಳಿಯ ಹಕ್ಕಳೆ ಕಂಡರೆ, ಮಾರುವವನ ಮಾತು ಎಷ್ಟೇ ಮಧುರವಾಗಿರಲಿ, ಬೆಲೆಯಲ್ಲಿ ಇಳಿಸಲು ಅದೇ ಸಾಕು. ಎಣ್ಣೆಯ ಮುಚ್ಚಳದಡಿ ಮಜ್ಜಿಗೆಯಂಥ ನೊರೆಯಿದ್ದು, ಎಂಜಿನ್ ಬಿಸಿಯಾದ ಮೇಲೂ ಹೊಗೆಕೊಳವೆಯಿಂದ ಬಿಳಿಯ ಆವಿ ಬಿಡದೆ ಬರುತ್ತಿದ್ದರೆ ನಮಸ್ಕಾರ ಹೇಳಿ ಎದ್ದು ಬರುವುದೇ ಲೇಸು.

ಉಳಿದ ದೋಷಗಳು ಎಲ್ಲ ಊರಿನವೇ. ಹಳ್ಳಿಯ ದಾರಿಗಳಲ್ಲಿ ಬುಶ್ಶುಗಳೂ ಶಾಕ್ ಅಬ್ಸಾರ್ಬರುಗಳೂ ಸವೆಯುತ್ತವೆ. ಹಂಪು ದಾಟುವಾಗ ಕಟಕಟ ಶಬ್ದ ಕೇಳೀತು. ಕ್ಲಚ್ ಪ್ಲೇಟಿನ ಕೆಲಸಕ್ಕೆ ಸುಮಾರು 6,000 ರೂಪಾಯಿಯಿಂದ ಮೇಲೆ. ಟೈಮಿಂಗ್ ಬೆಲ್ಟಿರುವ ಕಾರಿಗೆ ಅದನ್ನು ಯಾವಾಗ ಬದಲಿಸಿದರೆಂಬ ರಸೀದಿ ಕಾಣದಿದ್ದರೆ, ಕೊಂಡ ವಾರದಲ್ಲೇ ಹೊಸದನ್ನು ಹಾಕಿಸುವುದು ಕ್ಷೇಮ. ಅದು ಹರಿದರೆ ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಕಾಗದಪತ್ರಗಳ ವಿಷಯವೊಂದು ಬಾಕಿಯಿದೆ. ಬಹುಪಾಲು ಆಂಧ್ರದಿಂದ ಆವೃತವಾದ ಪಾವಗಡದ ಕಡೆ, ಆಂಧ್ರದ ನೋಂದಣಿಯ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತಂದವನು, ಅಲ್ಲಿನ ನಿರಾಕ್ಷೇಪಣ ಪತ್ರಕ್ಕೆ ಅಲೆದು, ಕರ್ನಾಟಕದ ತೆರಿಗೆಯನ್ನು ಕಟ್ಟಿ, ಮಧುಗಿರಿಯ ಕೆ.ಎ. 64 ಸಂಖ್ಯೆಯನ್ನು ಪಡೆಯುವಷ್ಟರಲ್ಲಿ ಆ ಅಗ್ಗವೆಂಬುದು ಕರಗಿರುತ್ತದೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಅನಂತರದ ನವೀಕರಣದ ಶುಲ್ಕ 600 ರೂಪಾಯಿಯಿದ್ದದ್ದು 2022ರ ಏಪ್ರಿಲ್ 1ರಿಂದ 5,000ಕ್ಕೇರಿತು. ಹದಿನಾಲ್ಕು ವರ್ಷ ಎಂಟು ತಿಂಗಳು ತುಂಬಿದ ಕಾರೊಂದು ಹೊಸ ಪಾಲಿಶ್ ಹೊಡೆಸಿಕೊಂಡು ಮಾರಾಟಕ್ಕೆ ನಿಂತಿದ್ದರೆ, ಅದರ ಒಡೆಯನಿಗೆ ಈ ಲೆಕ್ಕ ತಿಳಿದಿಲ್ಲವೆಂದು ಭಾವಿಸಲಾಗದು.