ಯುದ್ಧವೂ ಮಾತಿನ ಅರ್ಥವೂ

ಸುಮಾರು 2,400 ವರ್ಷಗಳ ಹಿಂದೆ ಗ್ರೀಸ್ ಒಬ್ಬ ಅರಸನ ನಾಡಾಗಿರಲಿಲ್ಲ. ಒಂದೊಂದು ಪಟ್ಟಣವೂ ಒಂದೊಂದು ರಾಜ್ಯ. ಅವುಗಳಲ್ಲಿ ಹಡಗುಪಡೆಯಿಂದ ಬಲಿತದ್ದು ಅಥೆನ್ಸ್. ಕಾಲಾಳುಪಡೆಗೆ ಹೆಸರಾದದ್ದು ಸ್ಪಾರ್ಟಾ. ಕ್ರಿ. ಪೂ. 431ರಲ್ಲಿ ಇವೆರಡರ ನಡುವೆ ಹೊತ್ತಿದ ಯುದ್ಧವು 404ರಲ್ಲಿ ಅಥೆನ್ಸ್ ಶರಣಾಗತವಾದಾಗ ಮುಗಿಯಿತು.

ಈ ಯುದ್ಧದ ಚರಿತ್ರೆಯನ್ನು ಬರೆದ ಥೂಸಿಡಿಡೀಸ್ ಅಥೆನ್ಸಿನವನೇ. 424ರಲ್ಲಿ ಸೇನಾನಿಯಾಗಿದ್ದು, ಆಂಫಿಪೊಲಿಸ್ ಪಟ್ಟಣವನ್ನು ಉಳಿಸಲಾರದೆ 20 ವರ್ಷ ದೇಶಭ್ರಷ್ಟನಾದನು. ಆ ಅವಧಿಯಲ್ಲಿ ಉಭಯ ಪಕ್ಷದವರನ್ನೂ ವಿಚಾರಿಸುವ ಅವಕಾಶ ಅವನಿಗೆ ದೊರೆಯಿತು. ಯುದ್ಧಕ್ಕೆ ಅವರವರು ಸಾರಿದ ನೆಪಗಳನ್ನು ವಿವರಿಸಿದ ಮೇಲೆ, ಅಥೆನ್ಸಿನ ಬಲವೃದ್ಧಿಯೂ ಅದರಿಂದ ಸ್ಪಾರ್ಟಾಕ್ಕೆ ಹುಟ್ಟಿದ ಭಯವೂ ನಿಜವಾದ ಕಾರಣವೆಂದು ಅವನು ನಿರ್ಣಯಿಸುತ್ತಾನೆ.

ಆದರೆ ಭಾಷೆಯನ್ನು ಪ್ರೀತಿಸುವವರ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕಾರ್ಸೈರಾ ದ್ವೀಪದ ವೃತ್ತಾಂತ. 427ರಲ್ಲಿ ಅಲ್ಲಿಯ ಜನಪಕ್ಷವು ಅಥೆನ್ಸಿನ ಕಡೆ, ಧನಿಕಪಕ್ಷವು ಸ್ಪಾರ್ಟಾದ ಕಡೆ ನಿಂತು ಕಾದಾಡಿದವು. ಅಥೆನ್ಸಿನ 60 ಹಡಗುಗಳು ಬಂದು ನಿಂತಿದ್ದ ಏಳು ದಿನ ಜನಪಕ್ಷದವರು ಎದುರಾಳಿಗಳನ್ನು ಕೊಂದರು. ಸಾಲಗಾರರು ಸಾಲ ಕೊಟ್ಟವರನ್ನು ಕೊಂದರು. ತಂದೆಯೇ ಮಗನನ್ನು ಕೊಂದದ್ದೂ ಉಂಟು. ದೇವಾಲಯದಲ್ಲಿ ಮರೆಹೊಕ್ಕವರನ್ನೂ ಹೊರಗೆಳೆದರು.

ಇಂಥ ಕಾಲದಲ್ಲಿ ಮಾತುಗಳಿಗೇನಾಗುತ್ತದೆಂಬುದನ್ನು ಥೂಸಿಡಿಡೀಸ್ ಗಮನಿಸಿದ್ದಾನೆ. ಹುಚ್ಚು ಸಾಹಸಕ್ಕೆ ಶೌರ್ಯವೆಂಬ ಹೆಸರಾಯಿತು. ಮುಂದಾಲೋಚನೆಯನ್ನು ಹೇಡಿಯ ನೆಪವೆಂದರು. ವಿಷಯದ ಎಲ್ಲ ಮುಖಗಳನ್ನೂ ನೋಡಬಲ್ಲವನನ್ನು ಯಾವ ಕೆಲಸಕ್ಕೂ ಬಾರದವನೆಂದು ಹಳಿದರು. ಯಾವ ಪಕ್ಷಕ್ಕೂ ಸೇರದವರು ಎರಡು ಪಕ್ಷದವರಿಂದಲೂ ನಾಶವಾದರು. ಕಾಲಕ್ರಮದಲ್ಲಿ ಶಬ್ದದ ಅರ್ಥ ಹಿಗ್ಗುವುದೂ ಕುಗ್ಗುವುದೂ ಭಾಷೆಗೆ ಸಹಜ. ಇಲ್ಲಿ ನಡೆದದ್ದು ಅದಲ್ಲ. ಕೊಲೆಗೆ ಒಪ್ಪುವ ಹೆಸರು ಬೇಕಾಗಿತ್ತು. ಒಳ್ಳೆಯ ಶಬ್ದಗಳನ್ನು ಅದಕ್ಕೆ ದುಡಿಸಿಕೊಂಡರು.

ಮುಂದಾಲೋಚನೆಯ ಬೆಲೆಯೆಷ್ಟೆಂಬುದಕ್ಕೆ ಅದೇ ವರ್ಷದ ಇನ್ನೊಂದು ಪ್ರಸಂಗವನ್ನು ನೋಡಬಹುದು. ಅಥೆನ್ಸಿನ ವಿರುದ್ಧ ದಂಗೆಯೆದ್ದು ಸೋತ ಮಿಟಿಲೀನಿ ಪಟ್ಟಣದ ಗಂಡಸರನ್ನೆಲ್ಲ ಕೊಲ್ಲಬೇಕೆಂದು ಅಥೆನ್ಸಿನ ಜನಸಭೆ ನಿರ್ಣಯಿಸಿ, ಹಡಗೊಂದನ್ನು ಕಳುಹಿಸಿತು. ಮರುದಿನ ಜನರ ಮನಸ್ಸು ಅಳುಕಿತು. ಸಭೆ ಮತ್ತೆ ಸೇರಿತು. ನಿರ್ಣಯವನ್ನು ಬದಲಿಸಬಾರದೆಂದು ಕ್ಲಿಯಾನ್ ವಾದಿಸಿದನು. ಆತುರವೂ ಕೋಪವೂ ಸದ್ವಿವೇಕಕ್ಕೆ ಶತ್ರುಗಳೆಂದು ಡಯೊಡೋಟಸ್ ಉತ್ತರವಿತ್ತನು. ಕೆಲವೇ ಕೈಗಳ ಅಂತರದಿಂದ ಡಯೊಡೋಟಸ್ ಗೆದ್ದನು. ಎರಡನೆಯ ಹಡಗು ಹೊರಟಿತು. ಹುಟ್ಟು ಹಾಕುವವರು ಸರದಿಯಂತೆ ಮಲಗುತ್ತ, ಹುಟ್ಟು ಬಿಡದೆಯೇ ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ತಿನ್ನುತ್ತ ಸಾಗಿದರು. ಸೇನಾನಿಯು ಮೊದಲ ಆಜ್ಞೆಯನ್ನು ಓದಿ, ಇನ್ನೇನು ನಡೆಸಬೇಕೆನ್ನುವಾಗ ಅವರು ದಡ ಸೇರಿದರು. ದಂಗೆಯ ಮುಂದಾಳುಗಳಿಗೆ ಮರಣದಂಡನೆ ತಪ್ಪಲಿಲ್ಲ, ಊರು ಉಳಿಯಿತು.

ಥೂಸಿಡಿಡೀಸನ ಗ್ರಂಥವು 411ರ ವೃತ್ತಾಂತದ ನಡುವೆಯೇ ನಿಂತುಹೋಗಿದೆ. ಮೇಲಿನ ಎರಡು ಪ್ರಸಂಗಗಳೂ ಅದರ ಎಂಟು ಭಾಗಗಳಲ್ಲಿ ಮೂರನೆಯದರಲ್ಲಿವೆ. ಆಸಕ್ತಿಯುಳ್ಳ ಓದುಗರು ಅಲ್ಲಿಂದಲೇ ಆರಂಭಿಸಬಹುದು.